ಗುಟ್ಟು ಕಾಯುತ್ತಿದ್ದ ಬ್ಯಾಂಕು ಪ್ರಶ್ನೆ ಕೇಳತೊಡಗಿದ್ದು

ಪಾಲುದಾರಿಕೆ ಸಂಸ್ಥೆಯೋ ಖಾಸಗಿ ಕಂಪೆನಿಯೋ ಚಾಲ್ತಿ ಖಾತೆ ತೆರೆಯಲು ಹೋದರೆ ಬ್ಯಾಂಕು ಇಂದು ಒಂದು ಹೆಚ್ಚಿನ ಹಾಳೆಯನ್ನು ಮುಂದಿಡುತ್ತದೆ. ನಿಮ್ಮ ಸಂಸ್ಥೆ ಭಾರತವಲ್ಲದೆ ಬೇರೆ ದೇಶಕ್ಕೂ ತೆರಿಗೆ ಕಟ್ಟಬೇಕೆ? ಅದರ ಮೇಲೆ ಹಿಡಿತವುಳ್ಳವರು ಯಾವ ದೇಶದ ತೆರಿಗೆದಾರರು? ತಾಲ್ಲೂಕಿನಾಚೆ ವ್ಯವಹಾರವೇ ಇಲ್ಲದ ಗಿರಣಿ ಮಾಲೀಕರಿಗೆ ಇದು ವಿಚಿತ್ರವೆನಿಸುವುದು ಸಹಜ. ಆದರೆ ಈ ಹಾಳೆಯ ಹಿಂದೆ ಎಂಟು ದಶಕಗಳ ಕಥೆಯಿದೆ.

ಕಥೆ ಆರಂಭವಾಗುವುದು ಸ್ವಿಟ್ಜರ್ಲೆಂಡಿನಲ್ಲಿ. 1932ರಲ್ಲಿ ಪ್ಯಾರಿಸ್ ಪೊಲೀಸರು ಸ್ವಿಸ್ ಬ್ಯಾಂಕೊಂದರ ಮೇಲೆ ದಾಳಿ ನಡೆಸಿದಾಗ, ತೆರಿಗೆ ತಪ್ಪಿಸಿದ್ದ ಫ್ರೆಂಚ್ ಗಣ್ಯರ ಹೆಸರುಗಳು ಹೊರಬಿದ್ದವು. 1934ರಲ್ಲಿ ಸ್ವಿಟ್ಜರ್ಲೆಂಡ್ ತನ್ನ ಬ್ಯಾಂಕಿಂಗ್ ಕಾಯ್ದೆಯ ಮೂಲಕ ಗ್ರಾಹಕರ ಗುಟ್ಟು ಬಯಲು ಮಾಡುವುದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಮೌನವೇ ಅಲ್ಲಿನ ಬ್ಯಾಂಕುಗಳ ಬಂಡವಾಳವಾಯಿತು.

ಈ ಮೌನ ಒಡೆದದ್ದು ಒಳಗಿನವನೊಬ್ಬನಿಂದ. ಯುಬಿಎಸ್ ಬ್ಯಾಂಕಿನಲ್ಲಿದ್ದ ಬ್ರ್ಯಾಡ್ಲಿ ಬರ್ಕನ್‌ಫೆಲ್ಡ್ 2007ರಲ್ಲಿ ಅಮೆರಿಕದ ಅಧಿಕಾರಿಗಳ ಮುಂದೆ ಬಾಯಿಬಿಟ್ಟ. ಗ್ರಾಹಕನೊಬ್ಬನ ವಜ್ರಗಳನ್ನು ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಅಡಗಿಸಿ ಸಾಗಿಸಿದ್ದನ್ನೂ ಒಪ್ಪಿಕೊಂಡ. 2009ರಲ್ಲಿ ಬ್ಯಾಂಕು 78 ಕೋಟಿ ಡಾಲರ್ ತೆತ್ತಿತು. ಸುಮಾರು 4,450 ಖಾತೆಗಳ ವಿವರ ನೀಡಲು ಒಪ್ಪಂದವಾಯಿತು. ಬರ್ಕನ್‌ಫೆಲ್ಡ್‌ಗೆ ಮೊದಲು ಸೆರೆವಾಸ, 2012ರಲ್ಲಿ 10.4 ಕೋಟಿ ಡಾಲರ್ ಬಹುಮಾನ!

ಅಮೆರಿಕ ತನ್ನ ಪ್ರಜೆ ಎಲ್ಲೇ ನೆಲೆಸಿದ್ದರೂ ತೆರಿಗೆ ಕೇಳುವ ದೇಶ. ಒಂದೊಂದು ಬ್ಯಾಂಕಿನ ಬೆನ್ನು ಹತ್ತುವ ಬದಲು ಅದು 2010ರಲ್ಲಿ ‘ಫಾಟ್ಕಾ’ ಎಂಬ ಕಾಯ್ದೆ ತಂದಿತು. ಅದರ ತಿರುಳು ಸರಳ: ಅಮೆರಿಕದ ತೆರಿಗೆದಾರರು ಯಾರೆಂದು ವಿದೇಶಿ ಬ್ಯಾಂಕುಗಳೇ ಪತ್ತೆಹಚ್ಚಿ ತಿಳಿಸಬೇಕು, ಇಲ್ಲವಾದರೆ ಅಮೆರಿಕದಿಂದ ಅವುಗಳಿಗೆ ಬರುವ ಕೆಲವು ಬಗೆಯ ಆದಾಯದಲ್ಲಿ ಶೇ 30 ಮುರಿದುಕೊಳ್ಳಲಾಗುವುದು. ಗುಟ್ಟು ಕಾಯುವ ಕಾವಲುಗಾರ ಹೀಗೆ ವಿಚಾರಣೆ ನಡೆಸುವ ಗುಮಾಸ್ತನಾದ. ಇದರ ರಗಳೆಯೇ ಬೇಡವೆಂದು ಯೂರೋಪಿನ ಕೆಲವು ಬ್ಯಾಂಕುಗಳು ಅಮೆರಿಕನ್ನರ ಖಾತೆಗಳನ್ನೇ ನಿರಾಕರಿಸಿದವು.

ಇತರ ದೇಶಗಳೂ ಇದೇ ದಾರಿ ಹಿಡಿದವು. 2014ರಲ್ಲಿ ಓಇಸಿಡಿ ಸಂಘಟನೆ, ದೇಶದೇಶಗಳ ನಡುವೆ ಖಾತೆ ವಿವರ ತಾನಾಗಿಯೇ ವಿನಿಮಯವಾಗುವ ‘ಸಿಆರ್‌ಎಸ್’ ಮಾನದಂಡ ರೂಪಿಸಿತು. ಭಾರತ 2015ರ ಜೂನ್‌ನಲ್ಲಿ ಅದಕ್ಕೆ ಸೇರಿತು, ಜುಲೈ 9ರಂದು ಅಮೆರಿಕದೊಂದಿಗೂ ಒಪ್ಪಂದ ಮಾಡಿಕೊಂಡಿತು. ಎಲ್ಲರ ಲೆಕ್ಕ ಕೇಳುವ ಅಮೆರಿಕ ಮಾತ್ರ ಸಿಆರ್‌ಎಸ್‌ಗೆ ಸೇರಲಿಲ್ಲ.

ಸಂಸ್ಥೆಗಳನ್ನು ಏಕೆ ಇಷ್ಟು ಕೆದಕುತ್ತಾರೆ? ವ್ಯಕ್ತಿ ತನ್ನ ಹೆಸರಿನಲ್ಲಿ ಮುಚ್ಚಿಡಲಾಗದ ಹಣವನ್ನು ಕಂಪೆನಿಯ ಹೆಸರಿನಲ್ಲಿ ಇಡಬಹುದು. ಆದ್ದರಿಂದಲೇ ನಿಯಮವು ಸಂಸ್ಥೆಗಳನ್ನು ‘ಸಕ್ರಿಯ’ ಮತ್ತು ‘ನಿಷ್ಕ್ರಿಯ’ ಎಂದು ವಿಂಗಡಿಸುತ್ತದೆ. ಸರಕು ಮಾರಿ ಸಂಪಾದಿಸುವ ಗಿರಣಿ ಸಾಮಾನ್ಯವಾಗಿ ಸಕ್ರಿಯ. ಅರ್ಧ ಅಥವಾ ಹೆಚ್ಚು ಆದಾಯವು ಬಡ್ಡಿ, ಲಾಭಾಂಶದಂಥ ಮೂಲಗಳಿಂದಲೇ ಬರುತ್ತಿದ್ದರೆ ಅದು ನಿಷ್ಕ್ರಿಯ. ಆಗ ತೆರೆಯ ಹಿಂದಿರುವವರ ಹೆಸರು, ತೆರಿಗೆ ದೇಶ ಎರಡನ್ನೂ ಬರೆಯಬೇಕು. ಕುಟುಂಬದ ಹೂಡಿಕೆ ಕಂಪೆನಿಯಲ್ಲಿ ಅಮೆರಿಕದ ಪ್ರಜೆಯಾದ ಮಗನಿಗೆ ದೊಡ್ಡ ಪಾಲಿದ್ದರೆ, ಊರಿನ ಬ್ಯಾಂಕಿನ ವಿವರ ಆದಾಯ ತೆರಿಗೆ ಇಲಾಖೆಯ ಮೂಲಕ ಅಮೆರಿಕ ತಲುಪಬಹುದು.

ಈ ಹಾಳೆಯನ್ನು ಉಪೇಕ್ಷಿಸಿದರೆ ಏನಾಗುತ್ತದೆಂಬುದು 2017ರಲ್ಲಿ ತಿಳಿಯಿತು. 2014ರ ಜುಲೈ 1ರಿಂದ 2015ರ ಆಗಸ್ಟ್ 31ರ ನಡುವೆ ತೆರೆದ ಖಾತೆಗಳಿಗೆ ಈ ಸ್ವಯಂ ದೃಢೀಕರಣವನ್ನು ಏಪ್ರಿಲ್ 30ರೊಳಗೆ ಕೊಡದಿದ್ದರೆ ವ್ಯವಹಾರ ತಡೆಹಿಡಿಯುವುದಾಗಿ ಸರ್ಕಾರ ಎಚ್ಚರಿಸಿತು. ಮರೆವಿನಿಂದ ಸಹಿ ಹಾಕದ ಪ್ರಾಮಾಣಿಕ ವ್ಯಾಪಾರಿಗೂ, ಮರೆಮಾಚಿದವನಿಗೂ ಆ ಗಡುವು ಒಂದೇ.

ಟೂತ್‌ಪೇಸ್ಟ್ ಟ್ಯೂಬಿನಲ್ಲಿ ವಜ್ರ ಸಾಗಿಸುತ್ತಿದ್ದ ಕಾಲದ ಲೆಕ್ಕವನ್ನು ಇಂದು ಗಿರಣಿ ಮಾಲೀಕರೂ ಒಪ್ಪಿಸಬೇಕಾಗಿದೆ. ಅವರ ಉತ್ತರ ಬಹುಪಾಲು ‘ಇಲ್ಲ’ ಎಂದೇ ಇರುತ್ತದೆ. ಆ ‘ಇಲ್ಲ’ವನ್ನೂ ಸಹಿ ಹಾಕಿಯೇ ಹೇಳಬೇಕು.