ಓತಿಮರಿ ಗಂಡೋ ಹೆಣ್ಣೋ

ಪಂಚಾಂಗದಲ್ಲಿ ಗೌಳಿ ಪತನದ ಫಲ ಅಂತ ಒಂದು ಪಟ್ಟಿ ಇರುತ್ತದೆ. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಎಂಬ ಲೆಕ್ಕ. ಗಂಡಸರಿಗೆ ಬಲಭಾಗ ಒಳ್ಳೆಯದು, ಹೆಂಗಸರಿಗೆ ಎಡಭಾಗ. ಬಿದ್ದ ಹಲ್ಲಿ ಗಂಡೋ ಹೆಣ್ಣೋ ಎಂದು ಮಾತ್ರ ಪಂಚಾಂಗ ಕೇಳುವುದಿಲ್ಲ. ನಾನು ಬೆಳೆದ ಕನ್ಯಾನದಲ್ಲಿಯೂ ಯಾರೂ ಕೇಳಿದವರಿಲ್ಲ. ಗೋಡೆಯಲ್ಲಿ ಪಲ್ಲಿ, ಬೇಲಿಯಲ್ಲಿ ಓಂತಿ, ಅಡಿಕೆ ಮರದಲ್ಲಿ ಹಾರುವ ಓತಿ, ಕಟ್ಟಪುಣಿಯ ಮಾಟೆಯಲ್ಲಿ ಉಡ. ಹಟ್ಟಿಯಲ್ಲಿ ದನ ಹೆಣ್ಣುಕರು ಹಾಕಿದರೆ ಅದು ನಾಲ್ಕು ಮನೆಗೆ ಸುದ್ದಿ. ಓತಿಮರಿಯ ಸುದ್ದಿ ಯಾರಿಗೆ ಬೇಕು?

ಬೇಕಾದದ್ದು ಓತಿಯನ್ನು ಹಿಡಿದು ಪೆಟ್ಟಿಗೆಯೊಳಗೆ ಇಟ್ಟವರಿಗೆ. ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನಗೆ ಈ ಪ್ರಶ್ನೆಯ ಚರಿತ್ರೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಕಾಯಲು ಪುರುಸೊತ್ತಿದ್ದವರಿಗೆ ಓತಿಯೇ ತನ್ನ ಗುಟ್ಟು ಹೇಳಿದೆ, ಪುರುಸೊತ್ತಿಲ್ಲದವರು ಕತ್ತಿ ಹಿಡಿದಿದ್ದಾರೆ.

ಬೆಳೆದ ಓತಿಯಲ್ಲಿ ಗುಟ್ಟೇನೂ ಇಲ್ಲ. ಬೆದೆಯ ಕಾಲ ಬಂತೆಂದರೆ ಗಂಡಿನ ತಲೆ, ಕೊರಳು ಕೆಂಪೇರುತ್ತವೆ, ಕೆನ್ನೆ ಉಬ್ಬುತ್ತದೆ, ಬೆನ್ನಿನ ಮುಳ್ಳುಸಾಲು ಎದ್ದು ನಿಲ್ಲುತ್ತದೆ. ಬೇಲಿಗೂಟ ಹತ್ತಿ ದಂಡ ಹೊಡೆಯುತ್ತಾ ಎದುರಾಳಿಯನ್ನು ಕೆಣಕುತ್ತದೆ. ಆ ಕೆಂಪು ನಮ್ಮದೇ ರಕ್ತ, ದೂರದಿಂದಲೇ ಹೀರಿದ್ದು ಎಂದು ನಂಬಿದ್ದ ಮಕ್ಕಳು ನಾವು. ಹೊಕ್ಕುಳು ಮುಚ್ಚಿಕೊಂಡು ಓಡುತ್ತಿದ್ದೆವು. ಧೈರ್ಯ ಇದ್ದವರು ಹಿಡಿಸೂಡಿ ಕಡ್ಡಿಯ ತುದಿಗೆ ಉರುಳು ಮಾಡಿ ಅದರ ಕುತ್ತಿಗೆಗೆ ತೂರಿಸುತ್ತಿದ್ದರು. ಉರುಳಿಗೆ ಬೀಳುತ್ತಿದ್ದದ್ದು ಹೆಚ್ಚಾಗಿ ಗಂಡೇ. ಎತ್ತರದಲ್ಲಿ ಕೂತು ಮೆರೆಯುವವನು ಅವನೇ ತಾನೇ.

ಹಾರುವ ಓತಿಯ ಕತೆಯೂ ಹಾಗೆಯೇ. ಕೊಳೆರೋಗಕ್ಕೆ ಮದ್ದು ಬಿಡಲು ಅಡಿಕೆ ಮರ ಹತ್ತಿದವರ ಮೂಗಿನ ಮುಂದೆಯೇ ಗಂಡು ತನ್ನ ಗಂಟಲಿನ ಹಳದಿ ಪರದೆಯನ್ನು ಬಾವುಟದ ಹಾಗೆ ಬಿಚ್ಚಿ ಮಡಚುತ್ತದೆ. ಹೆಣ್ಣಿನ ಪರದೆ ಗಿಡ್ಡ, ಬಣ್ಣದಲ್ಲಿ ನೀಲಿಯ ಛಾಯೆ. ಓತಿಯೊಂದು ನೆಲಕ್ಕಿಳಿದು ಮಣ್ಣು ಕೆರೆಯುತ್ತಿದ್ದರೆ ಮೊಟ್ಟೆ ಇಡಲು ಬಂದ ಹೆಣ್ಣೆಂದೇ ತಿಳಿಯಬೇಕು. ಈ ಜಾತಿಗೆ 1837ರಲ್ಲಿ ವೈಜ್ಞಾನಿಕ ಹೆಸರು ಬಿದ್ದಾಗ ಡುಮೆರಿಲ್ ಮತ್ತು ಬಿಬ್ರೊನ್ ಅದರಲ್ಲಿ ಸೇರಿಸಿದ್ದು ಹಡಗಿನ ವ್ಯಾಪಾರಿ, ಪ್ರಾಣಿ ಸಂಗ್ರಾಹಕ ಡುಸುಮಿಯೆಯ ಹೆಸರನ್ನು. ಕನ್ನಡದ ಓದುಗರಿಗೆ ಅದು ಹತ್ತಿರವಾದದ್ದು 1980ರಲ್ಲಿ, ತೇಜಸ್ವಿಯವರ ‘ಕರ್ವಾಲೊ’ ಬಂದ ಮೇಲೆ.

ಬೇಲಿಯ ಓತಿಗೆ ದೋದ್ಯಾಂ ಎಂಬ ಫ್ರೆಂಚ್ ವಿದ್ವಾಂಸ 1802ರಲ್ಲೇ ಹೆಸರಿಟ್ಟಿದ್ದ. 1890ರಲ್ಲಿ ಬುಲೆಂಜರ್, 1935ರಲ್ಲಿ ಮಾಲ್ಕಂ ಸ್ಮಿತ್ ನಮ್ಮ ದೇಶದ ಹಲ್ಲಿ-ಓತಿಗಳನ್ನೆಲ್ಲ ಗ್ರಂಥಕ್ಕೆ ಇಳಿಸಿದರು. ಅವರ ಕೆಲಸ ಬಹುಪಾಲು ಸ್ಪಿರಿಟ್ ತುಂಬಿದ ಜಾಡಿಗಳ ಜೊತೆ. ಜಾಡಿಯೊಳಗೆ ಕೊರಳಿನ ಕೆಂಪು ಉಳಿಯುವುದಿಲ್ಲ, ದಂಡ ಹೊಡೆಯುವ ಚಾಳಿಯಂತೂ ಇಲ್ಲವೇ ಇಲ್ಲ. ಮರಿಗಳಿಗೆ ಮುಳ್ಳುಸಾಲೂ ಇಲ್ಲ, ಉಬ್ಬಿದ ಕೆನ್ನೆಯೂ ಇಲ್ಲ. ಗಂಡು ಹೆಣ್ಣು ಎರಡೂ ಒಂದೇ ತರ. ಖಚಿತವಾಗಿ ತಿಳಿಯಬೇಕಾದರೆ ಹೊಟ್ಟೆ ಸೀಳಬೇಕು.

ಸೀಳುವ ವಿದ್ಯೆ ನಮಗೂ ಬಂತು. ನಾನು ಬಿ.ಎಸ್ಸಿ. ಓದುವಾಗ ಸರೀಸೃಪ ಪಾಠಕ್ಕೆ ಓತಿಯೇ ಮಾದರಿ ಪ್ರಾಣಿ. ಮೇಣದ ತಟ್ಟೆಯಲ್ಲಿ ಮಲಗಿಸಿ ಸೂಜಿ ಚುಚ್ಚಿ, ಒಂದು ದಿನ ಗಂಡನ್ನು, ಇನ್ನೊಂದು ದಿನ ಹೆಣ್ಣನ್ನು ಕೊಯ್ದು ರೆಕಾರ್ಡ್ ಪುಸ್ತಕದಲ್ಲಿ ಚಿತ್ರ ಬರೆಯಬೇಕು. ಓತಿ ತಂದುಕೊಡುತ್ತಿದ್ದ ಅಟೆಂಡರ್ ಮರಿಗಳನ್ನು ಬಿಟ್ಟುಬರುತ್ತಿದ್ದರು. “ಅದರಲ್ಲಿ ನಿಮಗೆ ಎಂತದೂ ಕಾಣ್ಲಿಕ್ಕಿಲ್ಲ ಮಾರಾಯ್ರೆ” ಎನ್ನುತ್ತಿದ್ದರು. ಅವರ ಮಾತು ನಿಜ. ಮರಿಯ ಒಳಗಿನ ಕಾಳು ವೃಷಣವೋ ಅಂಡಾಶಯವೋ ಎಂದು ಹೇಳಲು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದ ಅಡಿಯಲ್ಲಿ ಇಡಬೇಕು. ಕಾಲೇಜುಗಳ ಈ ಕೊಯ್ಯುವ ಪದ್ಧತಿಯನ್ನು ಹಂತಹಂತವಾಗಿ ಕಡಿಮೆ ಮಾಡಿ ಎಂದು 2011ರಲ್ಲಿ ಯುಜಿಸಿ ಹೇಳಿತು, 2014ರಲ್ಲಿ ಪೂರ್ತಿ ನಿಲ್ಲಿಸಿತು. ನನಗೆ ಸಮಾಧಾನವೇ ಆಯಿತು.

ಅಷ್ಟರಲ್ಲಿ ವಿಜ್ಞಾನಿಗಳ ಪ್ರಶ್ನೆ ಮುಂದೆ ಸರಿದಿತ್ತು. ಮರಿ ಗಂಡಾಗುವುದು, ಹೆಣ್ಣಾಗುವುದು ಯಾವುದರಿಂದ? ಮನುಷ್ಯರ ಹಾಗೆ ವರ್ಣತಂತುಗಳಿಂದಲೇ ಎಂದು ಹೆಚ್ಚಿನವರು ನಂಬಿದ್ದ ಕಾಲದಲ್ಲಿ, 1966ರಲ್ಲಿ, ಆಫ್ರಿಕಾದ ಡಕಾರಿನಲ್ಲಿ ಮ್ಯಾಡ್ಲೀನ್ ಶಾರ್ನಿಯೆ ಎಂಬಾಕೆ ಅಗಾಮಾ ಎಂಬ ಓತಿಯ ಮೊಟ್ಟೆಗಳನ್ನು ಬೇರೆ ಬೇರೆ ಬಿಸಿಯಲ್ಲಿ ಇಟ್ಟು ನೋಡಿದರು. ಮೊಟ್ಟೆ ಇದ್ದ ಜಾಗದ ಬಿಸಿಯೇ ಮರಿಯ ಲಿಂಗವನ್ನು ತಿರುಗಿಸುತ್ತದೆ ಎಂದು ತೋರಿತು. ಆಗ ಅದನ್ನು ಗಮನಿಸಿದವರು ಕಡಿಮೆ. ಮುಂದೆ ಆಮೆ, ಮೊಸಳೆಗಳಲ್ಲಿಯೂ ಇದೇ ಕಂಡಾಗ ಲೋಕ ತಿರುಗಿ ನೋಡಿತು.

ನಮ್ಮ ಬೇಲಿಯ ಓತಿ ಅದೇ ಅಗಾಮಾದ ಕುಟುಂಬದ್ದು. ಆದರೆ ಅದು ವಿದ್ವಾಂಸರನ್ನು ಚೆನ್ನಾಗಿಯೇ ಆಟ ಆಡಿಸಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ರಾಜೀವ ರಾಮನ್ ಅವರ ತಂಡ 1997ರಲ್ಲಿ ಬರೆದಂತೆ ಇದಕ್ಕೆ ಗುರುತಿಸಬಹುದಾದ ಲಿಂಗ ವರ್ಣತಂತುವೂ ಇಲ್ಲ, ಬಿಸಿಗೆ ಬಗ್ಗುವ ಗುಣವೂ ಇಲ್ಲ. ಹಾಗಾದರೆ ನಿರ್ಧರಿಸುವುದು ಯಾವುದು?

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರದವರು ಓತಿಯನ್ನು ಸಾಕಿ ಅಭ್ಯಾಸ ಮಾಡಿದ ಹಳಬರು. ಸೈದಾಪುರ, ಶಾನಭಾಗ, ರಡ್ಡೇರ ಅವರ ತಂಡ 1998ರಲ್ಲಿ ತೋರಿಸಿದ ಒಂದು ಸಂಗತಿ ನನಗೆ ಬಹಳ ಇಷ್ಟ: ಅನುಕೂಲ ಒದಗದಿದ್ದರೆ ಹೆಣ್ಣು ಓತಿ ಮೊಟ್ಟೆಗಳನ್ನು ಹೊಟ್ಟೆಯೊಳಗೇ ಆರು ತಿಂಗಳವರೆಗೆ ತಡೆದಿಟ್ಟುಕೊಳ್ಳಬಲ್ಲದು. ಕಾಯುವುದರಲ್ಲಿ ಅದನ್ನು ಮೀರಿಸುವವರು ಯಾರು? 2012ರಲ್ಲಿ ಇನಾಮದಾರ್ ದೊಡ್ಡಮನಿ, ವಾಣಿ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶೇಷಗಿರಿ ಇದರ ಮೊಟ್ಟೆಗಳನ್ನು ಅರ್ಧರ್ಧ ಡಿಗ್ರಿಯ ಜಾಗ್ರತೆಯಲ್ಲಿ ಕಾವಿಗಿಟ್ಟ ಪ್ರಯೋಗ ಪ್ರಕಟವಾಯಿತು. ತಂಪಿನಲ್ಲಿ ಹೆಣ್ಣು, ತುಸು ಬೆಚ್ಚಗಾದರೆ ಗಂಡು, ಇನ್ನಷ್ಟು ಬಿಸಿಯಾದರೆ ಮತ್ತೆ ಹೆಣ್ಣು, ಅದಕ್ಕೂ ಮೇಲೆ ಮತ್ತೆ ಗಂಡು! ಇಂಥ ನಾಲ್ಕು ಮಡಿಕೆಯ ಕ್ರಮವನ್ನು ಯಾವ ಸರೀಸೃಪದಲ್ಲಿಯೂ ಅದುವರೆಗೆ ಯಾರೂ ವರದಿ ಮಾಡಿರಲಿಲ್ಲ.

ಇತ್ತ ಪೇಟೆಯಲ್ಲಿ ಓತಿ ಸಾಕುವ ಶೋಕಿ ಬಂದಿದೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮೊಮ್ಮಗ ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್ ಮರಿಯನ್ನು ತಂದು ವಿಡಿಯೊ ಕಾಲ್ ಮಾಡಿದ. “ಅಜ್ಜ, ಹೆಸರು ಇಡ್ಲಿಕ್ಕುಂಟು. ಇದು ಗಂಡಾ ಹೆಣ್ಣಾ?” ಮೆಲ್ಲಗೆ ಬಾಲ ಎತ್ತಲು ಹೇಳಿದೆ. ಗಂಡಿಗೆ ಬಾಲದ ಬುಡದ ಒಳಗೆ ಎರಡು ಅಂಗಗಳು ಮಗುಚಿ ಕೂತಿರುತ್ತವೆ. ಬೆಳೆದ ಹಾಗೆ ಅಲ್ಲಿ ಎರಡು ಉಬ್ಬು, ನಡುವೆ ಒಂದು ಗುಳಿ ಕಾಣಬೇಕು. ಅಷ್ಟು ಸಣ್ಣ ಮರಿಯಲ್ಲಿ ಏನೂ ಸ್ಪಷ್ಟವಿರಲಿಲ್ಲ. ಹೆಬ್ಬೆರಳಲ್ಲಿ ಒತ್ತಿ ಅಂಗವನ್ನು ಹೊರಗೆ ತರಿಸುವ ಪದ್ಧತಿ ಸಾಕುವವರಲ್ಲಿ ಉಂಟು. ಮಾಡಬೇಡ ಎಂದೆ, ಮರಿಗೆ ಪೆಟ್ಟಾಗುತ್ತದೆ, ಹೊರಗೆ ಬರಲಿಲ್ಲ ಎಂದ ಮಾತ್ರಕ್ಕೆ ಹೆಣ್ಣು ಎಂದೂ ಅಲ್ಲ. ಡಿಎನ್‌ಎ ಪರೀಕ್ಷೆಯನ್ನೂ ಪೂರ್ತಿ ನಂಬುವ ಹಾಗಿಲ್ಲ. ವರ್ಣತಂತುವಿನ ಪ್ರಕಾರ ಗಂಡಾದ ಭ್ರೂಣ ಹೆಚ್ಚಿನ ಬಿಸಿಯಲ್ಲಿ ಹೆಣ್ಣಾಗಿ ಬೆಳೆಯುವುದನ್ನು ಇದೇ ಜಾತಿಯಲ್ಲಿ 2007ರಲ್ಲಿ ತೋರಿಸಿದ್ದಾರೆ. ಕೆಲವು ತಿಂಗಳು ಕಾಯಿ, ಅಲ್ಲಿಯವರೆಗೆ ಎರಡಕ್ಕೂ ಸಲ್ಲುವ ಹೆಸರು ಇಡು ಎಂದೆ. ಹುಡುಗನಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ಗಂಡಿನ ಅದೇ ಜೋಡಿ ಅಂಗದ ಇನ್ನೊಂದು ಕತೆ ಕರಾಳವಾದದ್ದು. ‘ಹತ್ಥಾ ಜೋಡಿ’ ಎಂಬ ಅಪರೂಪದ ಬೇರು, ಮನೆಯಲ್ಲಿಟ್ಟರೆ ಐಶ್ವರ್ಯ ಎಂದು ಮಾರುತ್ತಿದ್ದದ್ದು ಗಂಡು ಉಡವನ್ನು ಕೊಂದು ಕಿತ್ತು ಒಣಗಿಸಿದ ಜನನಾಂಗ ಎಂಬುದು 2017ರಲ್ಲಿ ಬಯಲಾಯಿತು. ಉಡವಾದರೋ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ.

ನಮ್ಮೂರಿಗೆ ಗಂಡೋ ಹೆಣ್ಣೋ ಎಂಬ ಪ್ರಶ್ನೆ ಬೇರೆ ದಾರಿಯಿಂದ ಬರುತ್ತಿದೆ. ಹಸಿರು ಬೇಲಿ ಹೋಗಿ ಕೆಂಪುಕಲ್ಲಿನ ಕಾಂಪೌಂಡು ಎದ್ದಿದೆ, ಗುಡ್ಡ ತಟ್ಟು ಮಾಡಿ ರಬ್ಬರ್ ಹಾಕಿದ್ದಾರೆ, ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಹೆಣ್ಣು ಓತಿ ಮಳೆಗೆ ಮೆತ್ತಗಾದ ಮಣ್ಣನ್ನು ಬಗೆದು ಮೊಟ್ಟೆ ಮುಚ್ಚಿಡುತ್ತದೆ. ನೆರಳು ಹೋದ ನೆಲದ ಬಿಸಿ ಮೊದಲಿನದ್ದಲ್ಲ. ಮುಂದಿನ ಸಂತಾನದಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂಬುದೂ ಅದರ ಜೊತೆ ಬದಲಾಗಬಹುದು. ಇದನ್ನು ತಿಳಿಯಲು ಒಂದು ಓತಿಯನ್ನೂ ಕೊಯ್ಯಬೇಕಾಗಿಲ್ಲ. ಹಳೆಯ ಬೇಲಿಯ ಬುಡದಲ್ಲೊಂದು, ಹೊಸ ಗೋಡೆಯ ಬುಡದಲ್ಲೊಂದು ಥರ್ಮಾಮೀಟರ್ ಹೂತು, ನಾಲ್ಕೈದು ವರ್ಷ ಎರಡೂ ಕಡೆಯ ಬೆಳೆದ ಗಂಡು-ಹೆಣ್ಣುಗಳನ್ನು ಎಣಿಸುತ್ತಾ ಹೋದರೆ ಆಯಿತು. ಈಗಲೂ ಪಾಠ ಮಾಡುತ್ತಿದ್ದರೆ ಪಿಯುಸಿ ಮಕ್ಕಳಿಗೆ ಇದೇ ಪ್ರಾಜೆಕ್ಟ್ ಕೊಡುತ್ತಿದ್ದೆ. ಮಾರ್ಕು ಹಾಕುವುದು ಮಾತ್ರ ಅವರ ಎಂ.ಎಸ್ಸಿ. ಮುಗಿದ ಮೇಲೆ.