ಮೂಟೆ ಎತ್ತುವ ಬೆನ್ನಿಗೂ ಗರಡಿ ಬೇಕು

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಅತ್ತಿಗುಂಡಿ ಸಿಗುತ್ತದೆ. ಸುತ್ತಲೂ ಕಾಫಿ ತೋಟ. ಕೊಯ್ಲಿನ ನಂತರ ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರುತ್ತದೆ. ಮಾರುಕಟ್ಟೆಯವರು ಬೆಲೆ ಹೇಳುವುದು 50 ಕಿಲೋ ಮೂಟೆಯ ಲೆಕ್ಕದಲ್ಲಿ. ಅಂಥ ಮೂಟೆಯನ್ನು ನೆಲದಿಂದ ಎತ್ತುವುದೂ ಒಂದು ವಿದ್ಯೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ನೆಲದ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದಕ್ಕೆ ಜಿಮ್‌ಗಳಲ್ಲಿ ‘ಡೆಡ್‌ಲಿಫ್ಟ್’ ಎನ್ನುತ್ತಾರೆ. ಇದನ್ನು ಒಳಗೊಂಡ ಪವರ್‌ಲಿಫ್ಟಿಂಗ್ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1972ರಲ್ಲಿ. ವಿದ್ಯೆ ಮಾತ್ರ ಬಹಳ ಹಳೆಯದು. ನಮ್ಮ ಗರಡಿಮನೆಗಳಲ್ಲಿ ಹುಡುಗರಿಗೆ ಮೊದಲು ದಂಡ, ಬಸ್ಕಿ. ಮೈ ಹದಗೊಂಡ ಮೇಲೆ ಗದೆ, ಗುಂಡುಕಲ್ಲು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ (‘ಶಾಂತಲಾ’ ಕಾದಂಬರಿಕಾರರೂ ಇವರೇ) ಬಾರ್‌ಬೆಲ್ ಜತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದರು. ಭಾರವನ್ನು ಹಂತಹಂತವಾಗಿ ಏರಿಸಿದರೆ ಸ್ನಾಯು ಬಲಗೊಳ್ಳುತ್ತದೆಂದು ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ 1945ರಲ್ಲಿ ಬರೆದರು. ಗರಡಿಯ ಕ್ರಮವನ್ನೇ ವೈದ್ಯಶಾಸ್ತ್ರವೂ ಹೇಳಿದಂತಾಯಿತು.

ಕಣದಲ್ಲಿ ಈ ಕ್ರಮವಿಲ್ಲ. ಹೊಸ ಆಳಿಗೂ ಮೊದಲ ದಿನವೇ 50 ಕಿಲೋ. ವಯಸ್ಕ ಗಂಡಾಳಿನ ಹೊರೆ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಸಲಹೆ ಮಾಡಿತು. ಮೂಟೆ ಆ ಮಿತಿಯೊಳಗೇ ಇದೆ, ನಿಜ. ಆದರೆ 40 ಮೂಟೆ ಎತ್ತಿದರೆ ಬೆನ್ನಿಗೆ ಬೀಳುವ ಲೆಕ್ಕ ಎರಡು ಟನ್!

ಪಾದ ಮೂಟೆಗೆ ಹತ್ತಿರವಿರಲಿ, ಮಂಡಿ ಮತ್ತು ಸೊಂಟ ಬಾಗಲಿ, ಬೆನ್ನು ನೇರವಿರಲಿ, ಕಾಲಿನ ಬಲದಿಂದ ಏಳಲಿ, ನಡುವೆ ವಿಶ್ರಾಂತಿ ಸಿಗಲಿ. ಪೈಲ್ವಾನನಿಗೆ ಉಸ್ತಾದರು ಹೇಳಿಕೊಡುವ ಈ ಪಾಠ, ಕಾಫಿ ಹೊರುವವನಿಗೂ ಸಲ್ಲಬೇಕು.