ಇಂಡಿಯಾಕ್ಕಿಂತ ದೂರ ಇರೋ ಬಾಲ್ಯ

ಹೋದ ಸಂಚಿಕೆ ಕೇಳಿದ ಒಬ್ಬರು, "ಬಿ.ಕಾಂ ಓದಿದವರಿಗೆ ಫ್ರೆಂಚ್ ಕಾವ್ಯದ ಉಸಾಬರಿ ಯಾಕ್ರಿ?" ಅಂತ ಕೇಳಿದ್ರು. ಉತ್ತರ ಸರಳ. ಈ ಕಥೆಯೊಳಗೆ ಸಾಲ ಇದೆ, ಆಸ್ತಿ ಇದೆ, ಕೋರ್ಟ್ ದಂಡನೂ ಇದೆ. ಕವಿತೆಗಿಂತ ಮೊದಲು ನನಗೆ ತಿಳಿದದ್ದು ಅದರ ಲೆಕ್ಕವೇ.

ಪಿ. ಲಂಕೇಶ್ ಅವರನ್ನ ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು ‘ಲಂಕೇಶ್ ಪತ್ರಿಕೆ’ಯಿಂದ. ಆ ಪತ್ರಿಕೆ ಶುರುವಾಗಿದ್ದು 1980ರಲ್ಲಿ. ಅದಕ್ಕೂ ಮೊದಲು, ಇಂಗ್ಲಿಷ್ ಪಾಠ ಹೇಳ್ತಿದ್ದ ದಿನಗಳಲ್ಲಿ, ಅವರು ಷಾರ್ಲ್ ಬೋದಿಲೇರ್ ಅನ್ನೋ ಫ್ರೆಂಚ್ ಕವಿಯನ್ನ ‘ಪಾಪದ ಹೂಗಳು’ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ರು. ಹೆಸರು ಕೇಳಿದ ಕೂಡಲೇ ಕುಡಿತ, ವೇಶ್ಯೆಯರು, ಪ್ಯಾರಿಸ್ಸಿನ ಕೊಳಕು ಓಣಿಗಳು ನೆನಪಾಗ್ತವೆ. ಅವೆಲ್ಲ ಇವೆ, ಇಲ್ಲ ಅನ್ನಲ್ಲ. ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ಅದರ ಒಳಗಿರೋ ಸಣ್ಣ ಹುಡುಗ.

ಬೋದಿಲೇರ್ ಹುಟ್ಟಿದ್ದು 1821ರ ಏಪ್ರಿಲ್ 9ಕ್ಕೆ. ಆರು ತುಂಬೋದಕ್ಕೆ ಮೊದಲೇ, 1827ರಲ್ಲಿ, ಅಪ್ಪ ತೀರಿಕೊಂಡ. ಆ ಬೇಸಿಗೆ ಪ್ಯಾರಿಸ್ಸಿನ ಅಂಚಿನ ನ್ಯೂಯಿ ಅನ್ನೋ ಕಡೆ, ಒಂದು ಪುಟ್ಟ ಮನೆಯಲ್ಲಿ ತಾಯಿ, ಮಗ, ಮನೆಗೆಲಸದ ಮರಿಯೆಟ್ ಮೂವರೇ ಇದ್ದರು. ಮರುವರ್ಷ ತಾಯಿ ಓಪಿಕ್ ಅನ್ನೋ ಸೈನ್ಯಾಧಿಕಾರಿಯನ್ನ ಮದುವೆ ಆದಳು. ಅಲ್ಲಿಗೆ ಆ ಹುಡುಗನ ಸುಖದ ಕಾಲ ಮುಗೀತು. ಹೆಚ್ಚಂದ್ರೆ ಒಂದೂವರೆ ವರ್ಷ, ಅಷ್ಟೇ. ಮಿಕ್ಕ ನಲವತ್ತು ವರ್ಷ ಅದರ ಬಡ್ಡಿಯಲ್ಲೇ ಬದುಕಿದ ಅಂತ ನನಗೆ ಅನ್ನಿಸುತ್ತೆ.

ಹುಡುಗ ಕೈ ತಪ್ಪಿ ಹೋಗ್ತಾನೆ ಅಂತ ಮನೆಯವರು 1841ರಲ್ಲಿ ಅವನನ್ನ ಕಲ್ಕತ್ತಕ್ಕೆ ಹೊರಟ ಹಡಗು ಹತ್ತಿಸಿದರು. ಹೌದ್ರಿ, ನಮ್ಮ ಕಲ್ಕತ್ತಕ್ಕೇ! ಮಾರಿಷಸ್, ರಿಯೂನಿಯನ್ ದ್ವೀಪಗಳ ತನಕ ಬಂದವನು ಇನ್ನು ಮುಂದೆ ಬರಲ್ಲ ಅಂತ ಹಟ ಹಿಡಿದು ವಾಪಸ್ ಹೋದ. ಇಂಡಿಯಾ ನೋಡಲೇ ಇಲ್ಲ. ಆದರೆ ಮುಂದೆ ಒಂದು ಕವಿತೆಯಲ್ಲಿ ಬಾಲ್ಯದ ಹಸಿರು ಸ್ವರ್ಗವನ್ನ ನೆನೆಸಿಕೊಂಡು, ಅದು ಈಗಾಗಲೇ ಇಂಡಿಯಾ, ಚೀನಾಗಿಂತ ದೂರ ಹೋಗಿಬಿಟ್ಟಿದೆಯಾ ಅನ್ನೋ ಅರ್ಥದಲ್ಲಿ ಕೇಳ್ತಾನೆ. ಅವನಿಗೆ ದೂರದ ಅಳತೆಗೋಲು ನಾವು. ಅದನ್ನ ದಾಂಡೇಲಿಯಲ್ಲಿ ಕೂತು ಓದೋದು ವಿಚಿತ್ರ ಅನ್ನಿಸ್ತು.

ಈಗ ಲೆಕ್ಕಕ್ಕೆ ಬರೋಣ. 21 ತುಂಬಿದಾಗ ಅಪ್ಪನ ಆಸ್ತಿ ಕೈಗೆ ಬಂತು, ಸುಮಾರು ಒಂದು ಲಕ್ಷ ಫ್ರಾಂಕ್. ಬಟ್ಟೆ, ಚಿತ್ರ, ಸಾಲ ಅಂತ ಎರಡೇ ವರ್ಷದಲ್ಲಿ ಅರ್ಧದಷ್ಟು ಖಾಲಿ. 1844ರಲ್ಲಿ ಮನೆಯವರು ಕಾನೂನಿನ ಮೂಲಕ ಆನ್ಸೆಲ್ ಅನ್ನೋ ನೋಟರಿಯನ್ನ ಅವನ ಹಣದ ಮೇಲೆ ಉಸ್ತುವಾರಿಗೆ ಕೂರಿಸಿದರು. ಸಾಯೋ ತನಕ ತನ್ನದೇ ದುಡ್ಡಿಗೆ ಇನ್ನೊಬ್ಬರ ಮುಂದೆ ಕೈ ಚಾಚಬೇಕಾಯ್ತು. ಹಣದ ವಿಷಯಕ್ಕೆ ಕಾನೂನು ಅವನನ್ನ ಕೊನೆ ತನಕ ಮಗುವಾಗೇ ಇಟ್ಟಿತು. ಆದರೆ ಅವನಿಗೆ ಬೇಕಾಗಿದ್ದ ಬಾಲ್ಯ ಮಾತ್ರ ಸಿಗಲಿಲ್ಲ.

1857 ಅವನ ಬದುಕಿನ ದೊಡ್ಡ ವರ್ಷ. ಏಪ್ರಿಲ್‌ನಲ್ಲಿ ಮಲತಂದೆ ಸತ್ತ, ಜೂನ್‌ನಲ್ಲಿ ಪುಸ್ತಕ ಬಂತು, ಆಗಸ್ಟ್‌ನಲ್ಲಿ ಕೋರ್ಟ್ 300 ಫ್ರಾಂಕ್ ದಂಡ ಹಾಕಿ ಆರು ಕವಿತೆ ತೆಗೆಸಿತು. ಆ ತೀರ್ಪು ರದ್ದಾಗೋದಕ್ಕೆ 1949 ಬರಬೇಕಾಯ್ತು. ಈ ಗಲಾಟೆಯೊಳಗೆ ಯಾರೂ ಗಮನಿಸದ ಎರಡು ಕವಿತೆ ಅದೇ ಪುಸ್ತಕದಲ್ಲಿದ್ದವು, ಎರಡಕ್ಕೂ ತಲೆಬರಹ ಇಲ್ಲ. ಒಂದು ನ್ಯೂಯಿಯ ಆ ಬಿಳಿ ಮನೆಯದ್ದು, ಇನ್ನೊಂದು ಸತ್ತುಹೋದ ಕೆಲಸದಾಕೆಯದ್ದು. 1858ರ ಜನವರಿಯಲ್ಲಿ ತಾಯಿಗೆ ಕಾಗದ ಬರೆದು, ಅವೆರಡೂ ನಮ್ಮ ಮನೆಯ ಸಂಗತಿ ಅಂತ ನಿನಗೆ ಗೊತ್ತಾಗಲೇ ಇಲ್ವಾ ಅಂತ ಕೇಳಿದ. ಮನೆಯ ಗುಟ್ಟನ್ನ ಬೀದಿಗೆ ತರಬಾರದು ಅಂತಲೇ ಹೆಸರು ಇಡದೆ ಬಿಟ್ಟಿದ್ದನಂತೆ. ಇಡೀ ಫ್ರಾನ್ಸ್ ‘ಅಶ್ಲೀಲ ಕವಿ’ ಅಂತ ಬೈಯ್ತಿದ್ದಾಗ ಈ ಮನುಷ್ಯನಿಗೆ ಚಿಂತೆ ಇದ್ದದ್ದು ಅವ್ವ ಓದಿದಳೋ ಇಲ್ವೋ ಅನ್ನೋದರದ್ದು.

‘ಅವ್ವ’ ಕವಿತೆ ಬರೆದ ಲಂಕೇಶರಿಗೆ ಬೋದಿಲೇರ್ ಯಾಕೆ ಹತ್ತಿರ ಆದ ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು. ಇದು ನನ್ನ ಊಹೆ, ಪುರಾವೆ ಕೇಳಬೇಡಿ.

ಬೋದಿಲೇರ್ ನಂತರ ಬಂದ ರಾಂಬೋ ಇನ್ನೂ ಬೇರೆ ಥರ. ಏಳು ವರ್ಷದ ಹುಡುಗನ ಮೇಲೆ ಕವಿತೆ ಬರೆದಾಗ ಅವನಿಗೇ ಹದಿನಾರು. ಇಪ್ಪತ್ತರ ಆಸುಪಾಸಿಗೆ ಕಾವ್ಯ ಬಿಟ್ಟು, ಮುಂದೆ ಏಡನ್, ಹರಾರ್ ಕಡೆ ಕಾಫಿ, ಬಂದೂಕು ಮಾರಿದ. 37ಕ್ಕೆ ಸತ್ತ. ಅವನಿಗೆ ಒಂದು ಪೂರ್ತಿ ಸಂಚಿಕೆ ಬೇಕು.

ನಮ್ಮ ಪಕ್ಕದ ಧಾರವಾಡದಲ್ಲಿ ಬೇಂದ್ರೆ ಇದೇ ತಕರಾರು ತೆಗೆದಿದ್ರು. ವರ್ಷಕ್ಕೆ ಚೈತ್ರ ತಿರುಗಿ ಬರುತ್ತೆ, ಮನುಷ್ಯನಿಗೆ ಮಾತ್ರ ಹರೆಯ ಯಾಕೆ ತಿರುಗಿ ಬರಲ್ಲ ಅಂತ. 1963ರ ‘ಕುಲವಧು’ ಸಿನಿಮಾದಿಂದ ಆ ಹಾಡು ಪ್ರತಿ ಯುಗಾದಿಗೆ ಮನೆಮನೆಯಲ್ಲಿ ಕೇಳುತ್ತೆ. ಬೇವು ಬೆಲ್ಲ ತಿನ್ನುತ್ತಾ ನಾವು ಅದನ್ನ ಖುಷಿಯ ಹಾಡು ಅಂದುಕೊಂಡಿದ್ದೀವಿ. ಪೂರ್ತಿ ಕೇಳಿ ನೋಡ್ರಿ, ಒಳಗೆ ಸಂಕಟ ಇದೆ.

ನಮ್ಮ ಅಜ್ಜಿ ಹುಟ್ಟಿ ಬೆಳೆದದ್ದು ಹಳೇ ಸೂಪಾದಲ್ಲಿ. ಕಾಳಿ ನದಿಗೆ ಆಣೆಕಟ್ಟು ಕಟ್ಟಿದಾಗ ಆ ಊರು ಮುಳುಗಿತು, ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು, ಎಷ್ಟೋ ಮನೆಗಳು ರಾಮನಗರ ಸೇರಿದವು. ಗಣೇಶಗುಡಿ ದಾಟುವಾಗ ಅಜ್ಜಿ ಬಸ್ಸಿನ ಕಿಟಕಿಯಿಂದ ಹಿನ್ನೀರಿನ ಕಡೆ ಬೆರಳು ಮಾಡಿ, ನಮ್ಮ ಸಾಲಿ ಅಲ್ಲಿತ್ತು, ಸಂತಿ ಅಲ್ಲಿ ಕೂಡ್ತಿತ್ತು ಅಂತ ಹೇಳ್ತಾರೆ. ನಾನು ಎಷ್ಟು ಕಣ್ಣು ಕಿರಿದು ಮಾಡಿ ನೋಡಿದ್ರೂ ಕಾಣೋದು ನೀರೇ.

ಈ ಸಂಚಿಕೆ ಬರೆಯುವಾಗ ಆ ಇಂಡಿಯಾ, ಚೀನಾದ ಮಾತನ್ನ ಅಜ್ಜಿಗೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಡಿಯಾಕ್ಕ ಹಡಗಾದ್ರೂ ಇತ್ತಲ್ಲೋ ಅವಂಗ" ಅಂದ್ರು. ಆಮೇಲೆ ಮೊಬೈಲ್ ಬಂದ್ ಮಾಡು, ಚಾ ಆರ್ತದ ಅಂದ್ರು.